ಮೂವತ್ತು ಮೊಳೆ ಹಿಡಿಯುವ ಬಾಯಿ

ಗುಂಡ್ಲುಪೇಟೆಯಲ್ಲಿ ಟ್ರ್ಯಾಕ್ಟರ್ ಸೀಟಾಗಲಿ, ಮನೆಯ ಸೋಫಾ ಆಗಲಿ, ಛತ್ರದಲ್ಲಿ ಗಂಡು ಹೆಣ್ಣು ಕೂರುವ ಸಿಂಹಾಸನವಾಗಲಿ, ಹರಿದರೆ ಹೋಗುವುದು ಒಂದೇ ಕಡೆಗೆ, ಹಿದಾಯತ್ ಉಲ್ಲಾ ಸಾಹೇಬರ ಕುಶನ್ ಅಂಗಡಿಗೆ. ಎರಡು ಕೈ ಸಾಲುವ ಕೆಲಸವಲ್ಲ ಅದು. ಒಂದು ಕೈ ರೆಕ್ಸಿನ್ನನ್ನು ಬಿಗಿಯಾಗಿ ಎಳೆದು ಹಿಡಿಯಬೇಕು, ಇನ್ನೊಂದು ಸುತ್ತಿಗೆ ಬೀಸಬೇಕು. ಹಾಗಾದರೆ ಮೊಳೆ ಎಲ್ಲಿಡುವುದು? ಬಾಯಲ್ಲಿ! ಸಾಹೇಬರು ಒಂದು ಹಿಡಿ ಸಣ್ಣ ಮೊಳೆಗಳನ್ನು ಬಾಯಿಗೆ ಸುರಿದುಕೊಂಡು, ನಾಲಿಗೆಯಿಂದಲೇ ಒಂದೊಂದನ್ನೂ ತಿರುಗಿಸಿ ತುಟಿಯ ತುದಿಗೆ ತರುತ್ತಿದ್ದರು. ಎಣಿಸಿದವರು ಹೇಳುವಂತೆ ಒಮ್ಮೆಗೆ ಮೂವತ್ತು. ಮೂವತ್ತು ವರ್ಷದಲ್ಲಿ ಒಂದೇ ಒಂದು ಮೊಳೆಯನ್ನೂ ನುಂಗಿದವರಲ್ಲ.

ಇಂಥ ಬಾಯಿಯ ಧಣಿಗೆ ಲೋಕದಲ್ಲಿ ಒಂದೇ ಒಂದು ಭಯ. ಹುಲಿಯಲ್ಲ, ಆನೆಯಲ್ಲ. ವಾಂತಿ!

ಅದಕ್ಕೂ ಕಾರಣವಿತ್ತು. ಇಪ್ಪತ್ತೆರಡು ವರ್ಷದ ಹಿಂದೆ, ಸಾಹೇಬರ ಮದುವೆಯ ದಿನ, ನಿಕಾಹ್ ಮುಗಿದು ಎಲ್ಲರೂ ತಬ್ಬಿಕೊಂಡು ಮುಬಾರಕ್ ಹೇಳುತ್ತಿದ್ದಾಗ, ಮಲ್ಲಿಗೆಯ ಘಾಟಿಗೋ, ಬಿಸಿಲಿಗೋ, ಹಿಂದಿನ ದಿನದ ಬಿರಿಯಾನಿಗೋ, ಮದುಮಗನ ಹೊಟ್ಟೆ ತಿರುಗಿತು. ಮಾವನವರ ಹೊಸ ಶೇರವಾನಿಯ ಮೇಲೆಯೇ ಆಗಿಹೋಯಿತು. ಮುನ್ನೂರು ಜನ ನೋಡಿದರು. ನೋಡದವರಿಗೆ ನೋಡಿದವರು ಹೇಳಿದರು. ಅವತ್ತೇ ಸಾಹೇಬರು ತೀರ್ಮಾನಿಸಿದರು, ಇನ್ನು ಬದುಕಿರುವವರೆಗೂ ವಾಂತಿ ಮಾಡುವುದಿಲ್ಲ ಎಂದು.

ತೀರ್ಮಾನವೇನೋ ಸುಲಭ, ಪಾಲಿಸುವುದಕ್ಕೆ ಬದುಕೆಲ್ಲ ಬೇಕಾಯಿತು. ಒಂದು ಜೇಬಿನಲ್ಲಿ ನಿಂಬೆಹಣ್ಣು, ಇನ್ನೊಂದರಲ್ಲಿ ಶುಂಠಿ, ಒಳಜೇಬಿನಲ್ಲಿ ನಾಲ್ಕು ಮಡಿಕೆ ಮಾಡಿದ ಪ್ಲಾಸ್ಟಿಕ್ ಕವರ್. ಬಸ್ಸಿನಲ್ಲಿ ಯಾರಾದರೂ ಕಿಟಕಿಯತ್ತ ಬಗ್ಗಿದರೆ ಸಾಹೇಬರು ಮುಂದಿನ ಸ್ಟಾಪಿನಲ್ಲೇ ಇಳಿದುಬಿಡುತ್ತಿದ್ದರು. ಮಗಳು ಸುಮಯ್ಯ ಚಿಕ್ಕವಳಿದ್ದಾಗ ಜ್ವರ ಬಂದು ಕಕ್ಕಿದರೆ ಇವರು ಬೀದಿಗೆ ಓಡುತ್ತಿದ್ದರು. ಮಗುವಿನ ಹಣೆ ಹಿಡಿಯುತ್ತಿದ್ದವಳು, ನೆಲ ಒರೆಸುತ್ತಿದ್ದವಳು ಹೆಂಡತಿ ಅನೀಸಾ ಒಬ್ಬಳೇ. ಆ ವಿಷಯಕ್ಕೆ ಸಾಹೇಬರಿಗೆ ಒಳಗೊಳಗೇ ಬಹಳ ನಾಚಿಕೆಯಿತ್ತು. ಆದರೂ ಓಡುತ್ತಿದ್ದರು.

ಹೀಗಿರುವಾಗ ಕಳೆದ ವರ್ಷ ಎಡಗಡೆಯ ದವಡೆ ಹಲ್ಲು ಕೆಟ್ಟಿತು. ಲವಂಗದೆಣ್ಣೆ ಹಚ್ಚಿದ್ದಾಯಿತು, ಉಪ್ಪುನೀರು ಮುಕ್ಕಳಿಸಿದ್ದಾಯಿತು. ಕೆನ್ನೆ ಬನ್ನಿನಂತೆ ಊದಿದ ಮೇಲೆ ಅನೀಸಾ ಕೈಹಿಡಿದು ಊರಿನಲ್ಲೇ ಇದ್ದ ಹಲ್ಲಿನ ಡಾಕ್ಟರ ಬಳಿ ಎಳೆದುಕೊಂಡು ಹೋದಳು. ಡಾಕ್ಟರು ಕುತ್ತಿಗೆಗೆ ನೀಲಿ ಬಟ್ಟೆ ಕಟ್ಟಿ, ಕುರ್ಚಿಯನ್ನು ಹಿಂದಕ್ಕೆ ಮಲಗಿಸಿ, ಪುಟ್ಟ ಕನ್ನಡಿಯೊಂದನ್ನು ಬಾಯೊಳಗೆ ಇಟ್ಟರೋ ಇಲ್ಲವೋ, ಸಾಹೇಬರ ಗಂಟಲಿಂದ "ಉವ್ವ್" ಎಂಬ ಸದ್ದು ಹೊರಟಿತು. ಅಷ್ಟೇ. ಕುರ್ಚಿಯಿಂದ ಹಾರಿದವರು ಬಸ್‌ಸ್ಟ್ಯಾಂಡಿನವರೆಗೆ ನಿಲ್ಲಲಿಲ್ಲ. ಕುತ್ತಿಗೆಯಲ್ಲಿ ನೀಲಿ ಬಟ್ಟೆ ಹಾಗೇ ಇತ್ತು.

ಅಲ್ಲಿ ಟೀ ಕುಡಿಯುತ್ತ ನಿಂತಿದ್ದವರು ಶಿವಮಲ್ಲಪ್ಪ. ಅರಿಸಿನ ಬೆಳೆಯುವ ರೈತರು, ಸಾಹೇಬರ ಹಳೆಯ ಗಿರಾಕಿ, ಅದಕ್ಕಿಂತ ಹಳೆಯ ಸ್ನೇಹಿತ.

"ಇದೇನ್ ಸಾಬ್ರೇ, ಕ್ಷೌರ ಅರ್ಧಕ್ಕೇ ಬುಟ್ಟು ಓಡ್ಬಂದ್ರಾ?" ಎಂದರು.

ಸಾಹೇಬರು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡರು. ಬಾಯಿ ತೆರೆದರೆ ಏನು ಬರುವುದೋ ಎಂಬ ಹೆದರಿಕೆ.

ಹಲ್ಲು ಮಾತ್ರ ಬಿಡುವ ಪೈಕಿಯಲ್ಲ. ಊತ ಇಳಿದರೂ ನೋವು ಹೋಗಲಿಲ್ಲ. ಮೊಳೆ ಬಾಯಿಗೆ ಹಾಕಿ ನಾಲಿಗೆ ತಿರುಗಿಸಿದರೆ ಸಾಕು, ಕೆಟ್ಟ ಹಲ್ಲಿಗೆ ಕಬ್ಬಿಣ ತಾಗಿ ನೆತ್ತಿಯವರೆಗೆ ಮಿಂಚು ಹೊಡೆಯುತ್ತಿತ್ತು. ಮೊಳೆಯನ್ನು ಬಟ್ಟಲಲ್ಲಿಟ್ಟು ಕೆಲಸ ಮಾಡಿದರು. ಒಂದು ಮೊಳೆಗೆ ಒಂದು ಸಲ ಬಗ್ಗಬೇಕು, ಬಗ್ಗುವಷ್ಟರಲ್ಲಿ ಎಳೆದಿಟ್ಟ ರೆಕ್ಸಿನ್ ಸುಕ್ಕಾಗುತ್ತಿತ್ತು. ಬಟ್ಟಲು ಮಗುಚಿ ಮೊಳೆಗಳು ಅಂಗಾಲಿಗೆ ಚುಚ್ಚಿದವು. ದಿನಕ್ಕೆ ನಾಲ್ಕು ಸೀಟು ಕಟ್ಟುತ್ತಿದ್ದವರು ಒಂದನ್ನೂ ಮುಗಿಸಲಾರದೆ ಕೂತರು. ಹೀಗೇ ಮೂರು ವಾರ ಕಳೆಯಿತು. ಕಲಿತದ್ದು ಇದೊಂದೇ ವಿದ್ಯೆ, ಆ ವಿದ್ಯೆ ಇರುವುದು ಬಾಯಲ್ಲಿ, ಆ ಬಾಯನ್ನೇ ಯಾರಿಗೂ ತೋರಿಸಲಾಗದು. ಯಾ ಅಲ್ಲಾ, ಅಂಗಡಿ ಮುಚ್ಚಬೇಕಾಗುತ್ತದೆಯೇ ಎಂದು ಸಾಹೇಬರು ನಿಜವಾಗಿಯೂ ಹೆದರಿದರು.

ಟ್ರ್ಯಾಕ್ಟರಿನ ಸೀಟು ಸಾಹೇಬರ ಅಂಗಡಿಯಲ್ಲೇ ಉಳಿದಿದ್ದರಿಂದ ಗೋಣಿಚೀಲದ ಮೇಲೆ ಕೂತು ಸೊಂಟ ಹಿಡಿಸಿಕೊಂಡಿದ್ದ ಶಿವಮಲ್ಲಪ್ಪ ಒಂದು ದಿನ ಬಂದರು.

"ಸಾಬ್ರೇ, ಚಾಮ್ರಾಜ್ನಗರದಲ್ಲಿ ನನ್ ತಂಗಿ ಮಗ್ಳು ಸಿಂಧು ಅವ್ಳಲ್ಲ, ಅವ್ಳ ಕುರ್ಚಿ ಅರ್ದೋಗದೆ. ಒಸಿ ಬಂದು ಮಾಡ್ಕೊಡಿ."

"ಏನ್ ಕೆಲಸ ಮಾಡ್ತಾಳೆ ಮಗಳು?"

"ಡಾಕ್ಟ್ರು."

"ಯಾವ ಡಾಕ್ಟ್ರು?"

ಶಿವಮಲ್ಲಪ್ಪ ಆಕಾಶ ನೋಡಿದರು. "ಅಲ್ಲಿಂದು" ಎಂದರು, ಹಲ್ಲಿನ ಹಕಾರ ನುಂಗಿ.

"ಕುರ್ಚಿ ತಾನಾಗೇ ಹರಿದಿದ್ದೋ, ನೀವೇ ಹರಿದಿದ್ದೋ?"

"ಸಿವ್ನಾಣೆಗೂ ತಾನಾಗೇ ಕಣ್ರೀ! ನೀವು ಕುರ್ಚಿ ಮಾಡಿ ಸಾಕು, ಬಾಯಿ ತೆಗೀಬೇಡಿ ಬುಡಿ."

ಕೆಲಸವೆಂದರೆ ಸಾಹೇಬರು ಇಲ್ಲವೆನ್ನುವವರಲ್ಲ. ತೆರಕಣಾಂಬಿ ದಾಟುವವರೆಗೆ ಶುಂಠಿ ಕಚ್ಚಿಕೊಂಡು, ಡ್ರೈವರ್ ಹಿಂದಿನ ಕಿಟಕಿಗೆ ಮುಖ ಒಡ್ಡಿ, ಚಾಮರಾಜನಗರ ತಲುಪಿದರು. ಜೊತೆಗೆ ಶಿವಮಲ್ಲಪ್ಪ, ಕಾವಲಿಗೆ.

ಡಾಕ್ಟರ್ ಸಿಂಧುವಿನ ಕುರ್ಚಿ ನಿಜವಾಗಿಯೂ ಕೂರುವ ಜಾಗದಲ್ಲಿ ಮೊಳದುದ್ದ ಸೀಳಿತ್ತು. ಸಾಹೇಬರು ಹಲಗೆ ಬಿಚ್ಚಿ, ಫೋಮ್ ಬದಲಿಸಿ, ದಪ್ಪ ಹಸಿರು ರೆಕ್ಸಿನ್ ಹಾಸಿದರು. ಕೆಲಸದ ಹುಮ್ಮಸ್ಸಿನಲ್ಲಿ ಎಡಗಡೆಯ ನೋವು ಲೆಕ್ಕಿಸದೆ ಹತ್ತೇ ಮೊಳೆ ಬಲಗಡೆಗೆ ಹಾಕಿಕೊಂಡು ಟಕಟಕ ಶುರುಮಾಡಿದರು. ಸಿಂಧು ಬಾಗಿಲಲ್ಲೇ ನಿಂತು ಬೆರಗಾಗಿ ನೋಡಿದಳು. ಬಾಯಿ ಖಾಲಿಯಾದ ಮೇಲೆ ಕೇಳಿದಳು.

"ಸಾಹೇಬ್ರೇ, ಇಷ್ಟು ಮೊಳೆ ಇಟ್ಕೊಂಡ್ರೆ ವಾಕರಿಕೆ ಬರಲ್ವಾ?"

"ಮೊಳೆಗ್ಯಾಕೆ ಬರ್ತದಮ್ಮ?"

"ಉಸಿರು ಹೇಗೆ ಆಡ್ತೀರಿ?"

"ಮೂಗಲ್ಲಿ. ಬಾಯಲ್ಲಿ ಎಳೆದ್ರೆ ಮೊಳೆ ಒಳಕ್ಕೆ ಹೋಗ್ತದೆ. ನಮ್ಮ ಉಸ್ತಾದರು ಹೇಳ್ಕೊಟ್ಟಿದ್ದು. ಬಾಯಲ್ಲಿ ಮೊಳೆ ಇದ್ದಾಗ ಉಸಿರು ಮೂಗಲ್ಲಿ, ಕಣ್ಣು ಸುತ್ತಿಗೆ ಮೇಲೆ."

ಸಿಂಧು ನಕ್ಕಳು. "ನನ್ನ ಪೇಷಂಟುಗಳಿಗೆ ನಾನು ಅರ್ಧ ಗಂಟೆ ಹೇಳ್ಕೊಡೋದು ಇದನ್ನೇ. ನಿಮಗೆ ಮೂವತ್ತು ವರ್ಷದಿಂದ ಬರ್ತದೆ. ಮೊಳೆ ಬದ್ಲು ನನ್ನ ಕನ್ನಡಿ ಅಂದ್ಕೊಳ್ಳಿ."

ಸಾಹೇಬರು ತಾವೇ ಕಟ್ಟಿದ ಕುರ್ಚಿಯನ್ನು ನೋಡಿದರು. ಬಾಗಿಲನ್ನೂ ನೋಡಿದರು. ಬಾಗಿಲಿಗೆ ಅಡ್ಡವಾಗಿ ಶಿವಮಲ್ಲಪ್ಪ ಕೂತಿದ್ದರು.

"ವಾಂತಿ ಆದ್ರೆ?" ಎಂದರು ಸಣ್ಣ ದನಿಯಲ್ಲಿ.

"ಆದ್ರೆ ಒರೆಸ್ತೀನಿ. ಹಿಂದಕ್ಕೆ ಮಲಗಿಸಲ್ಲ, ಕೂತೇ ಇರಿ. ಸಾಕು ಅನ್ನಿಸಿದ ತಕ್ಷಣ ಸನ್ನೆ ಮಾಡಿ, ಕೈ ತೆಗೀತೀನಿ."

"ಹಂಗಾದ್ರೆ ನನ್ನ ಸುತ್ತಿಗೆ ಕೈಯಲ್ಲಿರ್ಲಿ. ಕುರ್ಚಿ ಹಿಡಿಗೆ ಕುಟ್ಟಿದ್ರೆ ನಿಲ್ಲಿಸ್ಬೇಕು."

ಸುತ್ತಿಗೆ ಹಿಡಿದ ಪೇಷಂಟಿನ ಬಾಯಿಗೆ ಕೈಹಾಕಲು ಗುಂಡಿಗೆ ಬೇಕು. ಸಿಂಧುವಿಗೆ ಅದಿತ್ತು. ಸಾಹೇಬರು ಕೂತರು. ಅವಳು ಕನ್ನಡಿ ಎತ್ತಿಕೊಂಡಳು, ಟಕ್! "ನಾನಿನ್ನೂ ಮುಟ್ಟೇ ಇಲ್ಲ" ಎಂದಳು. "ಸುಮ್ನೆ ನೋಡ್ದೆ, ನಿಲ್ಲಿಸ್ತೀರೋ ಇಲ್ವೋ ಅಂತ" ಎಂದರು ಸಾಹೇಬರು. ಸೂಜಿ ಕಂಡಾಗ ಟಕ್ ಟಕ್. ಚುಚ್ಚಿದ ಮೇಲೆ ಟಕ್. ಕುಟ್ಟಿದಾಗಲೆಲ್ಲ ಅವಳು ಕೈ ಹಿಂದೆ ತೆಗೆದಳು, ಒಂದು ಸಲವೂ ಗದರಲಿಲ್ಲ.

"ಮಂತ್ರಕ್ಕಿಂತ ಉಗುಳೇ ಜಾಸ್ತಿ ಆಯ್ತಲ್ಲ ಸಾಬ್ರೇ" ಎಂದು ಶಿವಮಲ್ಲಪ್ಪ ಗೊಣಗಿದರು.

ಇಕ್ಕಳ ಒಳಗೆ ಹೋದಾಗ ಹಳೆಯ ರಾಕ್ಷಸ ಎದ್ದ. ಕಣ್ಣ ಮುಂದೆ ಮಾವನವರ ಶೇರವಾನಿ. ಸುತ್ತಿಗೆ ಎತ್ತಿದರು, ಕುಟ್ಟಲಿಲ್ಲ. ಕಣ್ಣನ್ನು ಅದರ ತಲೆಯ ಮೇಲಿಟ್ಟರು. ಬಾಯಲ್ಲಿ ಮೊಳೆಯಿದೆ ಹಿದಾಯತ್, ಮೂಗಲ್ಲಿ ಉಸಿರಾಡು. ಒಂದು ಮೊಳೆ. ಎರಡು ಮೊಳೆ. ಹತ್ತೊಂಬತ್ತನೆಯದಕ್ಕೆ ದವಡೆಯಲ್ಲೇನೋ ಲಟಕ್ಕೆಂದಿತು. "ಆಯ್ತು" ಎಂದಳು ಸಿಂಧು, ಮೂರು ಬೇರಿನ ಹಲ್ಲನ್ನು ತೋರಿಸುತ್ತ.

ಆಯಿತು ಎಂಬ ಆ ನೆಮ್ಮದಿಗೇ ಇರಬೇಕು, ಗಂಟಲಿಗೆ ಇಳಿದ ರಕ್ತಕ್ಕೂ ಇರಬೇಕು, ಸಾಹೇಬರಿಗೆ ವಾಂತಿಯಾಯಿತು.

ಇಪ್ಪತ್ತೆರಡು ವರ್ಷ ಕಾದಿಟ್ಟದ್ದು ಎರಡು ಗುಕ್ಕಿನಲ್ಲಿ ಮುಗಿಯಿತು. ಒಳಜೇಬಿನ ಕವರಿಗೆ ಕೈ ಹೋಗುವಷ್ಟರಲ್ಲಿ ಕುರ್ಚಿಯ ಮೇಲೆಯೇ ಆಗಿತ್ತು. ಸಾಹೇಬರು ಭೂಮಿ ಬಾಯಿಬಿಡಲಿ ಎಂದು ಕಾದರು. ಭೂಮಿಗೆ ಬೇರೆ ಕೆಲಸವಿತ್ತು. ಸಿಂಧು ಬಾಯಿಗೆ ಹೊಸ ಹತ್ತಿ ಇಟ್ಟು ಕಚ್ಚಿಸಿದಳು, ಬಟ್ಟೆ ತಂದು ಸೀಟು ಒರೆಸಿದಳು, "ಜಾಗ್ರತೆ, ಜಾರ್ತದೆ" ಎಂದಳು. ಶಿವಮಲ್ಲಪ್ಪ ಆಕಳಿಸಿದರು.

ಸಾಹೇಬರು ಮೆಲ್ಲಗೆ ಬಗ್ಗಿ ಸೀಟಿನ ಹೊಲಿಗೆಯ ಮೇಲೆ ಬೆರಳಾಡಿಸಿದರು. ಅಂಚು ಎತ್ತಿ ನೋಡಿದರು. ಅವರ ಕಣ್ಣು ಅರಳಿತು.

"ನೋಡಮ್ಮ," ಎಂದರು ಹತ್ತಿ ಕಚ್ಚಿದ ಬಾಯಲ್ಲೇ, "ಒಳಕ್ಕೆ ಒಂದು ಹನಿ ಇಳಿದಿಲ್ಲ!"

ಸಂಜೆ ಮನೆಯಲ್ಲಿ ಅನೀಸಾ ಬಾಗಿಲಲ್ಲೇ ಕಾಯುತ್ತಿದ್ದಳು.

"ಹಲ್ಲು?"

"ಕಿತ್ತರು."

"ವಾಂತಿ?"

"ಆಯ್ತು."

ಅವಳ ಮುಖ ಬಿಳುಚಿತು. "ಆಮೇಲೆ ಏನಾಯ್ತು ಜೀ?"

ಸಾಹೇಬರು ಚಪ್ಪಲಿ ಬಿಟ್ಟು ಒಳಗೆ ಬಂದರು. "ಏನೂ ಆಗ್ಲಿಲ್ಲ ಕಣೇ. ಒರೆಸಿದ್ರು."

ಹದಿನೈದು ದಿನ ಮೊಳೆ ಮುಟ್ಟಬಾರದೆಂದು ಡಾಕ್ಟರ ಅಪ್ಪಣೆಯಾಗಿತ್ತು. ಅದು ಮುಗಿದು, ಶಿವಮಲ್ಲಪ್ಪನ ಟ್ರ್ಯಾಕ್ಟರ್ ಸೀಟೂ ಮುಗಿದು, ಗಾಯ ತೋರಿಸಲು ಸಾಹೇಬರು ಮತ್ತೆ ಚಾಮರಾಜನಗರದ ಬಸ್ ಹತ್ತಿದರು. ಈ ಸಲ ಜೊತೆಗೆ ಅನೀಸಾ. ತೆರಕಣಾಂಬಿಯ ಹತ್ತಿರ ಪಕ್ಕದ ಸೀಟಿನ ಮುದುಕಿಯೊಬ್ಬಳು ಬಾಯಿಗೆ ಸೆರಗು ಒತ್ತಿಕೊಂಡಳು. ಅನೀಸಾ ಅಭ್ಯಾಸಬಲದಿಂದ ಎದ್ದು ಗಂಡನಿಗೆ ದಾರಿಬಿಟ್ಟಳು, ಇನ್ನು ಇಳಿದು ಓಡುತ್ತಾರೆಂದು. ಸಾಹೇಬರು ಎದ್ದರು. ಬಾಗಿಲ ಕಡೆ ಹೋಗಲಿಲ್ಲ. ಇಪ್ಪತ್ತೆರಡು ವರ್ಷದಿಂದ ಒಳಜೇಬಿನಲ್ಲಿ ಕಾಪಾಡಿದ್ದ ಕವರ್ ಬಿಚ್ಚಿ ಹಿಡಿದು, ಇನ್ನೊಂದು ಕೈಯಿಂದ ಮುದುಕಿಯ ಹಣೆ ಹಿಡಿದರು.

"ಮೂಗಲ್ಲಿ ಉಸಿರಾಡವ್ವ" ಎಂದರು. "ಆದ್ರೆ ಆಗ್ಲಿ, ಒರೆಸಿದ್ರಾಯ್ತು." ಆಗಿಯೂ ಹೋಯಿತು, ಅರ್ಧ ಕವರಿಗೆ, ಅರ್ಧ ಸೀಟಿಗೆ.

ಅನೀಸಾ ನಿಂತಲ್ಲೇ ಕಂಬಿ ಹಿಡಿದುಕೊಂಡು ಗಂಡನನ್ನೇ ನೋಡುತ್ತಿದ್ದಳು. ಅವಳ ಕಣ್ಣು ತುಂಬಿತ್ತು. ಅದು ಸಾಹೇಬರಿಗೆ ಕಾಣಲಿಲ್ಲ. ಅವರು ಆಗಲೇ ಬಗ್ಗಿ ಮುದುಕಿಯ ಸೀಟಿನ ಅಂಚು ಎತ್ತಿ ನೋಡುತ್ತಿದ್ದರು.

"ತೂ, ಯಾವನಯ್ಯಾ ಇದನ್ನ ಹೊಲಿದವನು? ಪೂರಾ ಒಳಕ್ಕಿಳಿದಿದೆ!"