ಸೋಪಾನ ಮುಚ್ಚಿದ ಮೇಸ್ತ್ರಿ

ಮಣ್ಣು ಮಾಡಿ ಬಂದವರು ನಾಲೆಯಲ್ಲಿ ಮುಳುಗು ಹಾಕದೆ ಮನೆಯ ಹೊಸಿಲು ತುಳಿಯುವಂತಿಲ್ಲ. ಕಿರಂಗೂರು ಕಡೆಯ ಆ ಊರಿನಲ್ಲಿ ಇದು ಹಿಂದಿನಿಂದ ಬಂದ ಕಟ್ಟಳೆ. ದ್ಯಾವಮ್ಮನ ಸೊಸೆ ಅರ್ಪಿತಳನ್ನು ಹೂತು ಬಂದ ದಿನ ಜನ ಏರಿಯ ಮೇಲೆ ನಿಂತು ಮುಖ ಮುಖ ನೋಡಿಕೊಂಡರು. ಇಳಿಯಲು ಸೋಪಾನವೇ ಇರಲಿಲ್ಲ. ಕಲ್ಲಿನ ಮೆಟ್ಟಿಲಿದ್ದ ಜಾಗದಲ್ಲಿ ಹೊಸ ಕಾಂಕ್ರೀಟು ಎಣ್ಣೆ ಹಚ್ಚಿದ ಬೋಳುತಲೆಯಂತೆ ಮಿನುಗುತ್ತಿತ್ತು. ಬಟ್ಟೆ ಜಾಲಿಸಲು ಹೋದ ಅರ್ಪಿತ ಜಾರಿ ಮುಳುಗಿದ್ದೂ ಅಲ್ಲೇ. ಕೊನೆಗೆ ಟ್ರಾಕ್ಟರಿನ ಹಗ್ಗ ತಂದು, ಒಬ್ಬೊಬ್ಬರ ಸೊಂಟಕ್ಕೂ ಬಿಗಿದು ನೀರಿಗಿಳಿಸಿದರು. ಹಗ್ಗ ಹಿಡಿದು ನಿಂತವನು ಮೇಸ್ತ್ರಿ ನರಸಯ್ಯ. ಆ ಕಾಂಕ್ರೀಟು ಬಳಿದವನೂ ಅವನೇ.

ನಾಲೆಗೆ ಕಾಂಕ್ರೀಟು ಹಾಕುವ ಕೆಲಸ ನಡೆಯುವಾಗ ದ್ಯಾವಮ್ಮ ಬಂದು ಕೇಳಿಕೊಂಡಿದ್ದಳು.

"ಲೇ ನರಸ, ಮೆಟ್ಲ ಮುಚ್ಬ್ಯಾಡ ಕಣ್ಲಾ. ಬಟ್ಟೆ ಎಲ್ಲೊಗೀಬೇಕು ನಾವು, ನಿನ್ ತಲೆ ಮ್ಯಾಲಾ?"

"ಸುಮ್ಕಿರಕ್ಕ, ಕಡೇಲಿ ಮಾಡ್ಕೊಡ್ತೀನಿ."

ಮಾಡಿಕೊಡುವ ಮನಸ್ಸೂ ಅವನಿಗಿತ್ತು. ನೀರಾವರಿ ಇಲಾಖೆಯ ನಕ್ಷೆಯಲ್ಲೇ ಮೆಟ್ಟಿಲಿತ್ತು. ಆದರೆ ನಾಲೆಗೆ ನೀರು ಬಿಡುವ ದಿನ ಹತ್ತಿರ ಬಂತು. ಕೆಲಸ ಹಿಡಿದಿದ್ದ ಕಂಟ್ರಾಕ್ಟರ್ ಜೀಪಿನಿಂದ ಇಳಿಯದೆಯೇ, "ಮೆಟ್ಲು ಕಟ್ತಾ ಕೂತ್ರೆ ನೀರು ಬಂದ್ಬುಡ್ತದೆ, ಬಳ್ದು ಬಿಸಾಕು" ಎಂದ. ನರಸಯ್ಯ ಬಳಿದ. ತೊಣ್ಣೂರು ಕಡೆ ಗಾರೆ ಬಾಂಡ್ಲಿ ಹೊರುತ್ತಿದ್ದವನನ್ನು ಮೇಸ್ತ್ರಿ ಮಾಡಿದ ಧಣಿ ಆತ. ಅವನ ಮುಂದೆ ಇಲ್ಲ ಅನ್ನುವುದು ನರಸಯ್ಯನಿಗೆ ಎಂದೂ ಬಾಯಿಗೆ ಬಂದಿರಲಿಲ್ಲ.

ದ್ಯಾವಮ್ಮ ಕಂಟ್ರಾಕ್ಟರನ ಮೇಲೆ ಶ್ರೀರಂಗಪಟ್ಟಣದ ಕೋರ್ಟಿಗೆ ಹೋದಳು. ಕಂಟ್ರಾಕ್ಟರನ ವಕೀಲರದು ಒಂದೇ ವಾದ: ಇಲಾಖೆ ಹೇಳಿದಂತೆ ಸರ್ಕಾರಿ ಕೆಲಸ ಮಾಡಿದವನು ಸರ್ಕಾರದ ಕೈಯಿದ್ದಂತೆ, ಸರ್ಕಾರಿ ನೌಕರನಿಗಿರುವ ರಕ್ಷಣೆ ಅವನಿಗೂ ಉಂಟು, ಅವನ ಮೇಲೆ ಕೇಸು ನಿಲ್ಲದು. ನಕ್ಷೆ ಕೋರ್ಟಿನ ತನಕ ಬರಲಿಲ್ಲ; ಇಲಾಖೆ ಹೇಳಿದಂತೆಯೇ ಮಾಡಿದ ಅನ್ನಲು ಒಬ್ಬ ಸಾಕ್ಷಿ ಬೇಕಿತ್ತು. ವಕೀಲರು ನರಸಯ್ಯನನ್ನು ಹೊರಗಿನ ಮರದಡಿಗೆ ಕರೆದರು.

"ನೋಡಯ್ಯ, ಧಣಿ ತಪ್ಪಿಸ್ಕೊಂಡ್ರೆ ನೀನೂ ತಪ್ಪಿಸ್ಕೊಂಡೆ. ಇಲ್ದಿದ್ರೆ ಮುಚ್ಚಿದ ಕೈ ಯಾರ್ದು ಅಂತ ಕೇಳ್ತಾರೆ."

ಕಟಕಟೆ ಹತ್ತಿದ ನರಸಯ್ಯ, "ಇಲಾಖೆಯೋರು ಹೇಳ್ದಂಗೇ ಮಾಡಿದ್ವಿ ಸ್ವಾಮಿ" ಅಂದುಬಿಟ್ಟ. ಕಂಟ್ರಾಕ್ಟರ್ ಗೆದ್ದ. ದ್ಯಾವಮ್ಮ ವಾಪಸ್ಸು ಬರುವಾಗ ಬಸ್ಸಿನಲ್ಲಿ ನರಸಯ್ಯನ ಪಕ್ಕದ ಸೀಟು ಖಾಲಿಯಿದ್ದರೂ ಊರಿನ ತನಕ ನಿಂತೇ ಬಂದಳು.

ಅಂದಿನಿಂದ ನರಸಯ್ಯ, ಹಗ್ಗ ಇನ್ನೂ ಕೈಯಲ್ಲೇ ಇದೆಯೇನೋ ಎಂಬಂತೆ ಅಂಗೈ ಉಜ್ಜಿಕೊಳ್ಳುತ್ತಿದ್ದ. ಬೇಸಿಗೆಯಲ್ಲಿ ನಾಲೆಯ ನೀರು ನಿಂತದ್ದೇ ಸುತ್ತಿಗೆ, ಉಳಿ ಹಿಡಿದು ಇಳಿದ. ತಾನು ಬಳಿದದ್ದನ್ನು ತಾನೇ ಒಡೆಯತೊಡಗಿದ. ಹಳೆಯ ಮೆಟ್ಟಿಲಿನ ಮೊದಲ ಕಲ್ಲು ಕಾಣುವ ಹೊತ್ತಿಗೆ ದ್ಯಾವಮ್ಮ ಏರಿಯ ಮೇಲೆ ಬಂದು ನಿಂತಳು.

"ಏನ್ಲಾ ಅದು?"

"ಮೆಟ್ಲು ಬುಡಿಸ್ತಿವ್ನಿ ಅಕ್ಕ."

"ಕೋರ್ಟ್‌ನಾಗೆ ಆಡ್ಬೇಕಾದ್ ಮಾತ ನುಂಗ್ಕಂಡು, ಈಗ ಕಲ್ಲಿನ ತಾವ ಹೇಳ್ಕತಿದ್ದೀಯಾ?"

ಅವಳು ಹೋದ ಮೇಲೂ ಉಳಿ ನರಸಯ್ಯನ ಕೈಯಲ್ಲೇ ಇತ್ತು, ಪೆಟ್ಟು ಮಾತ್ರ ಬೀಳಲಿಲ್ಲ.

ಸಂಜೆಗೆ ಪೊಲೀಸರು ಬಂದರು. ಸರ್ಕಾರಿ ಆಸ್ತಿ ಹಾಳು ಮಾಡಿದ್ದಾನೆ ಎಂದು ದೂರು ಕೊಟ್ಟವನು ಅದೇ ಕಂಟ್ರಾಕ್ಟರ್. ಠಾಣೆಯಲ್ಲಿ ಪೇದೆ ಹೇಳಿಕೆ ಬರೆದುಕೊಳ್ಳಲು ಕೂತ.

"ಯಾರ್ ಹೇಳಿ ಒಡ್ದೆ?"

"ಒಡಿಯೋಕೆ ಯಾರೂ ಹೇಳ್ನಿಲ್ಲ. ಮುಚ್ಚೋಕೆ ಹೇಳ್ದೋನು ಕಂಟ್ರಾಕ್ಟರು. ನಕ್ಷೇಲಿ ಮೆಟ್ಲಿತ್ತು, ನಾನೇ ನೋಡಿವ್ನಿ. ಕೋರ್ಟ್‌ನಾಗೆ ಸುಳ್ಳೇಳ್ಬುಟ್ಟೆ. ಬರ್ಕಳಿ."

ಪೇದೆ ಪೆನ್ನು ಕೆಳಗಿಟ್ಟ. "ಅವ್ರ ಮ್ಯಾಲಿನ ಕೇಸು ಮುಗ್ದೋಯ್ತು ಕಣಯ್ಯ. ಅದಿಲ್ಲಿಗೆ ಬರಲ್ಲ. ಒಡ್ದಿದ್ದಷ್ಟೇ ಹೇಳು."

ನರಸಯ್ಯ ಮತ್ತೆ ಮೊದಲಿನಿಂದ ಹಿಡಿದ. "ಕಾಂಕ್ರೀಟು ಬಳ್ದೋನು ನಾನು ಸ್ವಾಮಿ..." ದನಿ ತಗ್ಗಿತ್ತು.

ಹೊರಗಿನ ಜಗಲಿಯಲ್ಲಿ ಯಾವಾಗಲೋ ಬಂದು ಕೂತಿದ್ದ ದ್ಯಾವಮ್ಮ ಕೂಗಿದಳು: "ಗಟ್ಟಿಯಾಗಿ ಹೇಳ್ಲಾ. ಇಲ್ಗೆ ಕೇಳಿಸ್ತಿಲ್ಲ."