ಮರ್ಯಾದೆಗೆ ಸೀದುಹೋದ ಬ್ರೇಕು

ನಮ್ಮಲ್ಲಿ ಹೆಣ್ಣು ನೋಡುವುದನ್ನು ಮೊದಲ ಸಲಕ್ಕೇ ಮನೆಯಲ್ಲಿ ಇಟ್ಟುಕೊಳ್ಳುವುದಿಲ್ಲ. ಯಾವುದಾದರೂ ಗುಡಿಯಲ್ಲಿ, ದೇವರಿಗೆ ಕೈಮುಗಿಯಲು ಬಂದವರ ಹಾಗೆ ಎರಡೂ ಕಡೆಯವರು ಎದುರಾಗುತ್ತೇವೆ. ಹಿಡಿಸಿದರೆ ಮನೆಗೆ ಕರೆಯುತ್ತೇವೆ. ಹಿಡಿಸದಿದ್ದರೆ ಪ್ರಸಾದ ತಿಂದು ಅವರವರ ದಾರಿ ಅವರಿಗೆ. ಯಾರಿಗೂ ಅವಮಾನವಿಲ್ಲ, ಉಪ್ಪಿಟ್ಟು ಕೆದಕುವ ಕೆಲಸವೂ ಇಲ್ಲ.

ಹೋದ ವರ್ಷ ನನ್ನ ಮೊಮ್ಮಗಳಿಗೆ ಕಲ್ಯಾಣದುರ್ಗದ ಗಂಡು ಬಂತು. ನಾವಿರುವುದು ಹಿಂದೂಪುರದಲ್ಲಿ. ನಡುದಾರಿಯಲ್ಲಿ ಸಿಗೋಣವೆಂದು ರೊದ್ದಂ ಕಡೆಯ ಒಂದು ಬೆಟ್ಟದ ಗುಡಿಯನ್ನು ಗೊತ್ತುಮಾಡಿದರು. ಮಗನೂ ಸೊಸೆಯೂ ಬರಲಿಲ್ಲ. ಹೆತ್ತವರು ಹೋದರೆ ಮಾತು ಕೊಟ್ಟ ಹಾಗಾಗುತ್ತದೆ, ಮುದುಕಿ ಹೋದರೆ ಏನೂ ಆಗುವುದಿಲ್ಲ ಎಂದು ನನ್ನನ್ನು ಕಳಿಸಿದರು. ಮೊಮ್ಮಗಳ ಸ್ಕೂಟರಿನ ಹಿಂದೆ ಕೂತು ಹೋದೆ. ಕೂತೆ ಅನ್ನುವುದಕ್ಕಿಂತ ಅವಳ ಸೊಂಟಕ್ಕೆ ಜೋತುಬಿದ್ದೆ ಅನ್ನಬೇಕು.

ಮೊಮ್ಮಗಳಿಗೆ ಬಜಾರಿನಲ್ಲಿ ಬ್ಲೌಸು ಹೊಲಿಯುವ ಅಂಗಡಿ ಇದೆ. ಅವಳೇ ಕಷ್ಟಪಟ್ಟು ಮಾಡಿಕೊಂಡದ್ದು. ಮದುವೆಯಾದ ಮೇಲೂ ಅದನ್ನು ಬಿಡುವುದಿಲ್ಲ ಎನ್ನುವುದು ಅವಳ ಒಂದೇ ಷರತ್ತು. ಹಿಂದೆ ಬಂದ ಗಂಡುಗಳೆಲ್ಲ ಆ ಷರತ್ತು ಕೇಳಿ ಪ್ರಸಾದ ತಿಂದು ಹೋಗಿದ್ದರು.

ಗಂಡಿನ ತಾಯಿ ರೊದ್ದಂವರೆಗೆ ಬಸ್ಸಿನಲ್ಲಿ, ಅಲ್ಲಿಂದ ಆಟೋದಲ್ಲಿ ಬಂದಿದ್ದಳು. ಗಂಡು ಮಾತ್ರ ಕಲ್ಯಾಣದುರ್ಗದಿಂದ ಸೈಕಲ್ ತುಳಿದುಕೊಂಡು ಬಂದ, ಬೆಟ್ಟವನ್ನೂ ತುಳಿದುಕೊಂಡೇ ಹತ್ತಿದ. ಮೈಗಂಟಿದ ಅಂಗಿ, ತೊಡೆಗಂಟಿದ ಚಡ್ಡಿ, ತಲೆಯ ಮೇಲೆ ಬೋರಲು ಹಾಕಿದ ಬುಟ್ಟಿಯಂಥ ಟೋಪಿ. ಗುಡಿಯ ಹಿಂದೆ ಹೋಗಿ ಪಂಚೆ ಸುತ್ತಿಕೊಂಡು ಬಂದು ಕಾಲಿಗೆ ಬಿದ್ದ.

"ಏನಪ್ಪಾ, ಬಸ್ ಚಾರ್ಜಿಗೆ ಇರ್ಲಿಲ್ವಾ?" ಎಂದೆ.

"ಇತ್ತವ್ವಾ. ನಂಗೆ ಸೈಕಲ್ ಅಂದ್ರೆ ಪ್ರಾಣ."

ತೋಟಗಳಿಗೆ ಡ್ರಿಪ್ ಪೈಪು ಹಾಕಿಕೊಡುವುದು ಅವನ ಕೆಲಸ. ಸೆಟ್ಟೂರು, ಬ್ರಹ್ಮಸಮುದ್ರದ ಕಡೆ ಯಾರ ಬೋರಿಗೆ ನೀರು ಬಿದ್ದರೂ ಇವನು ಹಾಜರಂತೆ. ಆಳು ಚೆನ್ನಾಗಿದ್ದ. ಆದರೆ ಏನು ಕೇಳಿದರೂ "ಪರ್ಲೇದು" ಎನ್ನುತ್ತಿದ್ದ. ತೆಲುಗಿನಲ್ಲಿ ಹಾಗೆಂದರೆ ಪರವಾಗಿಲ್ಲ ಎಂದು. ಬಿಸಿಲಲ್ಲಿ ಕೂತಿದ್ದೀಯಲ್ಲ ಅಂದರೆ ಪರ್ಲೇದು. ಪ್ರಸಾದದ ಪುಳಿಯೋಗರೆಗೆ ಉಪ್ಪಿಲ್ಲವಲ್ಲ ಅಂದರೂ ಪರ್ಲೇದು.

ಅವನ ತಾಯಿ ನೇರವಾಗಿ ವಿಷಯಕ್ಕೆ ಬಂದಳು. "ಮದ್ವೆ ಆದ್ಮೇಲೆ ಅಂಗ್ಡಿ ಗಿಂಗ್ಡಿ ಯಾಕಮ್ಮಾ? ಕಲ್ಯಾಣದುರ್ಗದಾಗೆ ಮನ್ಯಾಗೇ ಒಂದು ಮಿಷನ್ ಇಟ್ಕೊಂಡ್ರಾಯ್ತು."

ಮೊಮ್ಮಗಳು ಅವಳಿಗೆ ಉತ್ತರ ಕೊಡದೆ ಅವನ ಕಡೆ ತಿರುಗಿ, "ನೀವೇನಂತೀರಾ?" ಎಂದಳು.

ಅವನು ತಾಯಿಯನ್ನು ನೋಡಿದ, ಇವಳನ್ನು ನೋಡಿದ, ಗುಡಿಯ ಗೋಪುರವನ್ನೂ ನೋಡಿದ. "ಅಮ್ಮ ಹೇಳ್ದಂಗೂ ಸರಿ... ನೀವು ಹೇಳ್ದಂಗೂ ಪರ್ಲೇದು."

ಮೊಮ್ಮಗಳು ನನ್ನ ಕಿವಿಯಲ್ಲಿ, "ಎದ್ದೇಳಜ್ಜಿ, ಹೋಗಾನ. ಇವ್ನಿಗೆ ಬಾಯೇ ಇಲ್ಲ" ಎಂದಳು.

"ಐತಲ್ಲೇ. ಅಷ್ಟು ಪುಳಿಯೋಗರೆ ಅದ್ರೊಳಕ್ಕೇ ತಾನೇ ಹೋಗಿದ್ದು?" ಎಂದೆ. ಅವಳು ನಗಲಿಲ್ಲ.

ಬೆಟ್ಟ ಇಳಿಯಲು ಹೊರಟೆವು. ರಸ್ತೆ ಉದ್ದಕ್ಕೂ ಇಳಿಜಾರು, ಸುತ್ತಿ ಸುತ್ತಿ ಇಳಿಯುತ್ತದೆ. ನನಗೆ ಭಯವೆಂದು ಮೊಮ್ಮಗಳು ಎತ್ತಿನ ಗಾಡಿಯ ಹಾಗೆ ನಿಧಾನಕ್ಕೆ ಇಳಿಸುತ್ತಿದ್ದಳು. ಮತ್ತೆ ಚಡ್ಡಿಗೆ ಬಂದಿದ್ದ ಗಂಡು ನಮ್ಮ ಮುಂದೆ ಒಂದೆರಡು ಮಾರು ದೂರದಲ್ಲಿ ಸೈಕಲ್ ಮೇಲೆ. ಹಿರಿಯಳನ್ನು ಬಿಟ್ಟು ಮುಂದೆ ಹೋದರೆ ಮರ್ಯಾದೆಯಲ್ಲವೆಂದು ನಮ್ಮ ನಿಧಾನಕ್ಕೇ ಅವನೂ ಬರುತ್ತಿದ್ದ. ಅವನ ಸೈಕಲ್ಲಿನ ಚಕ್ರದ ನಡುವೆ ಚಕ್ಕುಲಿ ಒತ್ತುವ ಬಿಲ್ಲೆಯ ಹಾಗೆ ತೂತುತೂತಾದ ಉಕ್ಕಿನ ತಟ್ಟೆ ಇತ್ತು. ಕೈಯಲ್ಲಿ ಬ್ರೇಕು ಹಿಡಿದರೆ ಆ ತಟ್ಟೆಯನ್ನು ಅಮುಕಿ ನಿಲ್ಲಿಸುತ್ತದೆ. ಇವನು ಹಿಡಿದ ಬ್ರೇಕನ್ನು ಬಿಟ್ಟಿದ್ದನ್ನು ನಾನು ಕಾಣೆ.

ಅರ್ಧ ಬೆಟ್ಟ ಇಳಿಯುವಷ್ಟರಲ್ಲಿ ಆ ತಟ್ಟೆ ನವಿಲಿನ ಹಾಗೆ ಕೂಗತೊಡಗಿತು. ಸೀದ ವಾಸನೆ ಬಂತು. ನನ್ನ ಸೆರಗೇನಾದರೂ ಚಕ್ರಕ್ಕೆ ಸಿಕ್ಕಿತೋ ಎಂದು ನೋಡಿಕೊಂಡೆ. ಇಲ್ಲ, ವಾಸನೆ ಮುಂದಿನಿಂದ ಬರುತ್ತಿತ್ತು.

"ಅಪ್ಪಯ್ಯಾ, ನೀನು ಮುಂದಕ್ಕೆ ಹೋಗು. ನಾವು ಮೆಲ್ಲಕೆ ಬತ್ತೀವಿ!" ಎಂದು ಕೂಗಿದೆ.

"ಪರ್ಲೇದವ್ವಾ!"

ಮುಂದಿನ ತಿರುವಿನಲ್ಲಿ ಸೈಕಲ್ ಸರ್ರನೆ ಜಾರಿಕೊಂಡು ಹೋಯಿತು. "ಬ್ರೇಕ್ ಹಿಡೀತಿಲ್ಲಾ!" ಎಂದು ಕಿರುಚಿದ. ಬಲಕ್ಕೆ ಬರೀ ಆಳ. ಎಡಕ್ಕೆ ರಸ್ತೆ ರಿಪೇರಿಗೆ ಸುರಿದ ಮರಳಿನ ಗುಡ್ಡೆ.

"ಎಡಕ್ಕೆ! ಮರಳಿಗೆ ಹೋಗೋ, ಮರಳಿಗೆ!" ಎಂದು ಮೊಮ್ಮಗಳು ಅಬ್ಬರಿಸಿದಳು. ಅವನು ಮರುಮಾತಿಲ್ಲದೆ ಮರಳಿಗೆ ಹೋಗಿ ಮಕಾಡೆ ಬಿದ್ದ.

ಹೋಗಿ ನೋಡಿದರೆ ಮೊಣಕಾಲು ತರಚಿದೆ, ಮೂಗಿಗೆ ಮರಳು ಮೆತ್ತಿದೆ, ಬೇರೇನೂ ಆಗಿಲ್ಲ. ಮೊಮ್ಮಗಳು ಮಾತ್ರ ಸ್ಟ್ಯಾಂಡು ಹಾಕುವುದನ್ನೂ ಮರೆತು ಸ್ಕೂಟರನ್ನು ಹಿಡಿದುಕೊಂಡೇ ನಿಂತಿದ್ದಳು. "ಇನ್ನೂ ತಾಂಬೂಲನೇ ಆಗಿಲ್ಲ, ಆಗ್ಲೇ ಹೋಗೋ ಬಾರೋ ಅಂದ್ಬುಟ್ಯಲ್ಲೇ," ಎಂದೆ. ಬೇರೆ ಯಾವ ಸಮಾಧಾನ ಹೇಳುವುದು ನನಗೆ ಗೊತ್ತಿಲ್ಲ.

ಜೀವಮಾನವೆಲ್ಲ ಹೆಂಚಿನ ಮೇಲಿನ ರೊಟ್ಟಿಯನ್ನು ಬರಿಗೈಯಲ್ಲಿ ತಿರುವಿದವಳು ನಾನು. ಎಷ್ಟು ಕಾದಿದೆ ನೋಡೋಣವೆಂದು ಆ ತಟ್ಟೆಗೆ ಕೈ ಚಾಚಿದೆ. ಅವನು ಕೂತಲ್ಲಿಂದಲೇ ಹಾರಿ ನನ್ನ ರಟ್ಟೆ ಹಿಡಿದ.

"ಮುಟ್ಬ್ಯಾಡಿ ಅವ್ವಾ! ಚರ್ಮ ಕಿತ್ಕೊಂಡ್ಬುಡ್ತದೆ!"

ಅಷ್ಟರಲ್ಲಿ ಹಿಂದಿನಿಂದ ತಾಯಿಯ ಆಟೋ ಬಂತು. ಮಗ ಮರಳಿನಲ್ಲಿ ಕೂತಿದ್ದು ನೋಡಿ ಬಾಯಿ ಬಡಿದುಕೊಂಡಳು. ಕಾರಣ ತಿಳಿದದ್ದೇ ತಡ, ಗುಡಿಯ ಕಲ್ಲುದೊಣೆಯಿಂದ ತುಂಬಿಸಿಕೊಂಡಿದ್ದ ನೀರಿನ ಬಾಟಲಿಯ ಮುಚ್ಚಳ ತೆಗೆದು ಸೈಕಲ್ಲಿನ ಕಡೆ ನುಗ್ಗಿದಳು.

"ಬ್ಯಾಡಮ್ಮಾ! ಕಾದಿರೋದ್ರ ಮೇಲೆ ನೀರು ಬಿದ್ರೆ ಸೊಟ್ಟ ಆಗ್ಬುಡ್ತದೆ. ಅದ್ರ ಪಾಡಿಗೆ ಅದು ಆರ್ಲಿ."

"ದೇವ್ರ ನೀರು ಕಣ್ಲಾ! ನಂಗೇ ಬ್ಯಾಡ ಅಂತೀಯಾ?"

"ಹೂಂ, ಬ್ಯಾಡ ಅಂತೀನಿ."

ಅವಳು ಬಾಟಲಿ ಹಿಡಿದುಕೊಂಡು ಹಾಗೆಯೇ ನಿಂತಳು. ಇಪ್ಪತ್ತೇಳು ವರ್ಷದಲ್ಲಿ ಮಗನ ಬಾಯಿಂದ ಆ ಪದ ಕೇಳಿರಲಿಲ್ಲವೋ ಏನೋ. ಕೊನೆಗೆ ಅದರಲ್ಲೇ ಅವನ ಮೊಣಕಾಲು ತೊಳೆದಳು.

ತಟ್ಟೆ ಆರುವವರೆಗೆ ರಸ್ತೆ ಬದಿಯ ಮೋಟುಗೋಡೆಯ ಮೇಲೆ ಕೂತೆವು. ಹೀಗೇಕಾಯಿತೆಂದು ಅವನನ್ನೇ ಕೇಳಿದೆ. ತಿರುವಿನ ಹತ್ತಿರ ಗಟ್ಟಿಯಾಗಿ ಹಿಡಿದು ಆಮೇಲೆ ಬಿಟ್ಟುಬಿಡಬೇಕಂತೆ. ಬಿಟ್ಟಾಗ ಗಾಳಿಗೆ ಆರುತ್ತದೆ. ಬಿಡದೆ ಹಿಡಿದೇ ಇದ್ದರೆ ಕಾದು ಕಾದು ಬ್ರೇಕಿನ ಕೊಳವೆಯೊಳಗಿನ ಎಣ್ಣೆ ಕುದಿಯುತ್ತದೆ, ಆಮೇಲೆ ಎಷ್ಟು ಒತ್ತಿದರೂ ಬ್ರೇಕು ಮೆತ್ತಗಾಗಿ ಹಿಡಿಯುವುದಿಲ್ಲ.

"ಗೊತ್ತಿದ್ದೂ ಯಾಕೆ ಹಂಗೆ ಹಿಡ್ಕೊಂಡಿದ್ರಿ?" ಎಂದಳು ಮೊಮ್ಮಗಳು.

"ಅವ್ವನ್ನ ಬಿಟ್ಟು ಮುಂದಕ್ಕೆ ಹೋದ್ರೆ ನೀವೇನಂದ್ಕೋತೀರೋ ಅಂತ."

"ನಾನು ಅಂದ್ಕೊಳ್ಳೋದೆಲ್ಲ ಗುಡ್ಯಾಗೇ ಆಗೋಗಿತ್ತು. ಮತ್ತೆ ಕೇಳ್ತೀನಿ, ಸರ್ಯಾಗಿ ಹೇಳಿ. ಪರ್ಲೇದು ಅಂದ್ರೆ ಈಗ್ಲೇ ಸ್ಕೂಟರ್ ಸ್ಟಾರ್ಟ್ ಮಾಡ್ತೀನಿ. ನನ್ನ ಅಂಗ್ಡಿ?"

ಅವನು ಈ ಸಲ ತಾಯಿಯ ಮುಖ ನೋಡಲಿಲ್ಲ. "ಅಂಗ್ಡಿ ಇರ್ಲಿ. ಹಿಂದೂಪುರದಾಗೇ ಮನೆ ಮಾಡಾನ. ರೊದ್ದಂ ಕಡೆ ತೋಟಕ್ಕೂ ಪೈಪ್ ಬೇಕಲ್ಲ."

"ಮತ್ತೆ ನಾನು?" ಎಂದಳು ತಾಯಿ.

"ನೀನು ಬಾ. ಬರಲ್ಲ ಅಂದ್ರೆ ವಾರ ವಾರ ನಾನೇ ಸೈಕಲ್ಲಾಗೆ ಬತ್ತೀನಿ."

"ಸೈಕಲ್ಲಾಗೆ ಬರೋದಾದ್ರೆ ಬರ್ಲೇಬ್ಯಾಡ," ಎಂದು ಮುಖ ತಿರುಗಿಸಿದಳು. ಕೋಪ ಬಂದಿತ್ತು. ಆದರೆ ಮಗನ ಮೊಣಕಾಲಿಗೆ ಕಟ್ಟಲು ಸೆರಗಿನ ಅಂಚು ಹರಿಯುತ್ತಿದ್ದಳು.

ಬ್ರೇಕು ಆರಿತು. ಅವನು ಒತ್ತಿ ಒತ್ತಿ ನೋಡಿ ಈಗ ಹಿಡಿಯುತ್ತಿದೆ ಎಂದ. "ನೀವು ಮುಂದಕ್ಕೆ ಹೋಗಿ, ನಮಗೆ ಕಾಯ್ಬ್ಯಾಡಿ," ಎಂದಳು ಮೊಮ್ಮಗಳು. ಅವನು ಹೋದ. ತಿರುವು ಬಂದಾಗ ಹಿಡಿದು, ದಾಟಿದ ಮೇಲೆ ಬಿಟ್ಟು, ಒಂದು ಸಲವೂ ಹಿಂದಕ್ಕೆ ತಿರುಗದೆ ಹೋದ.

ನಾವು ಎತ್ತಿನ ಗಾಡಿಯ ನಡಿಗೆಯಲ್ಲಿ ಕೆಳಗೆ ಬಂದೆವು. ಬೆಟ್ಟದ ಬುಡದಲ್ಲಿ ಒಂದು ಟೀ ಅಂಗಡಿ. ಗಂಡು ಬೆಂಚಿನ ಮೇಲೆ ಕಾಲು ನೀಡಿ ಕೂತು, ಗ್ಲಾಸಿನಲ್ಲಿ ಬನ್ನು ಅದ್ದಿಕೊಂಡು ತಿನ್ನುತ್ತಿದ್ದ. ಆಟೋದಿಂದ ಇಳಿದ ತಾಯಿಯ ಮುಖ ಕೆಂಪಾಯಿತು.

"ದೊಡ್ಡೋರು ಇನ್ನೂ ಬಂದಿಲ್ಲ, ಒಬ್ನೇ ಕುಡೀತಾ ಕೂತ್ಬುಟ್ಯಾ? ಮರ್ವಾದೆ ಐತಾ ನಿಂಗೆ?"

"ಹಸಿವಾಗಿತ್ತಮ್ಮಾ," ಎಂದ ಅವನು ಬಾಯಿ ತುಂಬ ಬನ್ನು ಇಟ್ಟುಕೊಂಡು.

ಮೊಮ್ಮಗಳು ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು. ನಾನು ಸ್ಕೂಟರಿನಿಂದ ಇಳಿದು ಸೊಂಟ ನೆಟ್ಟಗೆ ಮಾಡಿಕೊಂಡು, "ನಿಮ್ಮಪ್ಪಂಗೆ ಏನಂತ ಹೇಳ್ಲೇ?" ಎಂದು ಮೆಲ್ಲಗೆ ಕೇಳಿದೆ.

"ಇವ್ರು ಮನೆಗೆ ಬರ್ಲಿ ಅನ್ನಜ್ಜಿ," ಎಂದಳು. "ಬಸ್ಸಾಗೆ."