ಅರ್ಧ ಬೆಲೆಗೆ ಸಿಕ್ಕ ಕಡಲು

ಥಾಯ್ಲೆಂಡಿನ ಕಡಲಲ್ಲಿ ದೋಣಿ ಸುತ್ತಾಟಕ್ಕೆ ಅವರು ಹೇಳಿದ್ದು ನಮ್ಮ ರೊಕ್ಕದಲ್ಲಿ ಆರು ಸಾವಿರ. ನಾನು ಕೊಟ್ಟಿದ್ದು ಮೂರು. ಅರ್ಧಕ್ಕೆ ಹೇಗೆ ಇಳಿಸಿದೆ ಎಂದು ನೀವು ಕೇಳದಿದ್ದರೂ ಹೇಳುತ್ತೇನೆ. ಹೇಳದಿದ್ದರೆ ನನಗೆ ಉಂಡದ್ದು ಮೈಗೆ ಹತ್ತುವುದಿಲ್ಲ.

ಆಳಂದದಲ್ಲಿ ನನ್ನದು ಸ್ಟೀಲ್ ಪಾತ್ರೆ ಅಂಗಡಿ. ಸೈಕಲ್ಲಿಗೆ ತಂಬಿಗೆ, ಪರಾತ ಕಟ್ಟಿಕೊಂಡು ಹೋಗಿ ಚೌಡಾಪುರದ ರಸ್ತೆ ಬದಿಯಲ್ಲಿ ಮಾರಿದವನು ನಾನು. ಈಗ ಅಫಜಲಪುರ, ಜೇವರ್ಗಿ ಕಡೆಯಿಂದಲೂ ಮದುವೆಯ ಭಾಂಡೆ ಸಾಮಾನಿಗೆ ಜನ ಬರುತ್ತಾರೆ. ಸೊಲ್ಲಾಪುರದ ಸಗಟು ವ್ಯಾಪಾರಿಗಳ ಮುಂದೆ ಕೂತು ಕೂತು ಕಲಿತ ಪಾಠ ಒಂದೇ: ಅವರು ಮುಂದಿಡುವ ಅಚ್ಚಾದ ಪಟ್ಟಿಯನ್ನು ಓದಬಾರದು. ಓದಿದರೆ ಕಣ್ಣು ಆ ಅಂಕಿಗೇ ಅಂಟಿಕೊಳ್ಳುತ್ತದೆ. ಪಟ್ಟಿಯನ್ನು ಮೆಲ್ಲಗೆ ಬೋರಲು ಹಾಕಿ, ಮೇಲೆ ಮೊಣಕೈ ಊರಿ, ಆಮೇಲೆ ಮಾತು ತೆಗೆಯಬೇಕು.

ಪ್ರವಾಸ ಹೊರಟಿದ್ದು ನನ್ನ ಹೆಂಡತಿ ಸುಮಂಗಲಾಳ ಕಾರಣಕ್ಕೆ. ಸರಸಂಬಾದ ರೈತರ ಮಗಳು, ಸಮುದ್ರ ಕಂಡವಳಲ್ಲ. ತೋರಿಸುತ್ತೇನೆ ಎಂದು ಮದುವೆಯಾದ ಹೊಸದರಲ್ಲಿ ಮಾತು ಕೊಟ್ಟಿದ್ದೆ. ಇಪ್ಪತ್ತಾರು ವರ್ಷವಾಯಿತು. ಮೊದಮೊದಲು ಕೇಳುತ್ತಿದ್ದಳು, ಆಮೇಲೆ ಕೇಳುವುದನ್ನೇ ಬಿಟ್ಟಳು. ಗಿರಾಕಿ ಕೇಳುವುದನ್ನು ಬಿಟ್ಟಾಗಲೇ ಅಂಗಡಿಕಾರನಿಗೆ ಭಯವಾಗಬೇಕು. ನನಗೂ ಆಯಿತು.

ಬ್ಯಾಂಕಾಕಿನಲ್ಲಿ ಮೂರು ದಿನ ಕಳೆದು, ಕೊನೆಯ ಒಂದು ದಿನ ಕಡಲಿಗೆಂದು ಇಟ್ಟು, ಸಂಜೆಗತ್ತಲಲ್ಲಿ ಒಂದು ಕರಾವಳಿ ಊರಿಗೆ ಬಂದಿಳಿದೆವು. ಹೋಟೆಲಿನ ಪಕ್ಕದಲ್ಲೇ ದೋಣಿ ಟಿಕೆಟ್ ಮಾರುವ ಹೆಂಗಸು. ಆಕೆ ಕ್ಯಾಲ್ಕುಲೇಟರಿನಲ್ಲಿ ದರ ಒತ್ತಿ ತೋರಿಸಿ, ಒಂದು ಹಾಳೆ ಮುಂದಿಟ್ಟಳು. ನಾನು ಬೋರಲು ಹಾಕಿದೆ. ಆಕೆ ಎರಡು ಸಲ ಅದನ್ನು ತಿರುಗಿಸಲು ನೋಡಿದಳು. ನನ್ನ ಮೊಣಕೈ ಅಲುಗಲಿಲ್ಲ. ಅದೇ ಕ್ಯಾಲ್ಕುಲೇಟರಿನಲ್ಲಿ ಅರ್ಧ ಒತ್ತಿ ತೋರಿಸಿದೆ. ಆಕೆ ಕ್ಷಣ ಯೋಚಿಸಿ, ನಕ್ಕು, ಒಪ್ಪಿಬಿಟ್ಟಳು.

"ಇಷ್ಟ್ ಲಗೂ ಯಾಕ ಒಪ್ಪಿದ್ಳರಿ ಆಕಿ?" ಎಂದಳು ಸುಮಂಗಲಾ.

"ವ್ಯಾಪಾರ ಅಂದ್ರ ಹಿಂಗಿರ್ತದ ಬೇ," ಎಂದು ಎದೆಯುಬ್ಬಿಸಿದೆ.

ದೋಣಿಯ ಹೊತ್ತು ಕೇಳದೆ, ನಮ್ಮ ಅಂಗಡಿ ತೆರೆಯುವ ಹೊತ್ತಿಗೇ, ಬೆಳಿಗ್ಗೆ ಹತ್ತಕ್ಕೆ ರೊಟ್ಟಿಯ ಗಂಟು ಹಿಡಿದು ದಂಡೆಗೆ ಬಂದರೆ ಕಡಲೇ ಇಲ್ಲ! ಕಣ್ಣು ಹಾಯುವಷ್ಟು ದೂರ ಬರೀ ಕೆಸರು. ಅದರಲ್ಲಿ ನಮ್ಮ ದೋಣಿ ಎಮ್ಮೆಯ ಹಾಗೆ ಮಗ್ಗುಲಾಗಿ ಮಲಗಿತ್ತು. ಟಿಕೆಟಿನ ಹೆಂಗಸು ನಿನ್ನಿನ ಹಾಳೆಯನ್ನೇ ತಂದು, ಈ ಸಲ ತಾನೇ ಗಟ್ಟಿಯಾಗಿ ಹಿಡಿದು ತೋರಿಸಿದಳು. ಅದು ದರಪಟ್ಟಿಯಲ್ಲ, ಕಡಲಿನ ನೀರು ಯಾವ ಹೊತ್ತಿಗೆ ಬರುತ್ತದೆ, ಯಾವ ಹೊತ್ತಿಗೆ ಹೋಗುತ್ತದೆ ಎಂಬ ವೇಳಾಪಟ್ಟಿ. ಆರು ಸಾವಿರದ ದೋಣಿ ಏಳಕ್ಕೇ ದ್ವೀಪಗಳಿಗೆ ಹೊರಟುಹೋಗಿತ್ತು. ಮೂರು ಸಾವಿರದ್ದು ನೀರು ತಿರುಗಿ ಬಂದ ಮೇಲೆ, ಸಂಜೆ ನಾಲ್ಕಕ್ಕೆ. ಅರ್ಧ ದುಡ್ಡಿಗೆ ಅರ್ಧ ದಿನ. ಆಕೆ ಮೋಸ ಮಾಡಿರಲಿಲ್ಲ.

"ಸಮುದ್ರಾನೂ ಅರ್ಧಾ ಮಾಡ್ಸಿಬಿಟ್ರೇನ್ರಿ?" ಎಂದಳು ಸುಮಂಗಲಾ.

ಚಂದ್ರ ಎಳೆದರೆ ಕಡಲು ಉಬ್ಬುತ್ತದೆ, ಬಿಟ್ಟರೆ ಇಳಿಯುತ್ತದೆ ಎಂದು ಸಾಲೆಯಲ್ಲಿ ಬಾಯಿಪಾಠ ಮಾಡಿದ್ದೆ. ಆಳಂದದಲ್ಲಿ ಕೂತವನಿಗೆ ಅದನ್ನು ನಂಬಲು ಸಾಕ್ಷಿ ಎಲ್ಲಿತ್ತು? ಮರುದಿನ ನಸುಕಿನಲ್ಲೇ ವಿಮಾನ, ಕಡಲಿಗೆ ಉಳಿದದ್ದು ಸಂಜೆಯೊಂದೇ. ಇಪ್ಪತ್ತಾರು ವರ್ಷದ ಮಾತು ಕೆಸರಲ್ಲಿ ಹೂತುಹೋಯಿತೆಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಮುಖ ಊದಿಸಿಕೊಂಡು ಕೂತೆ. ಎಳನೀರಿನವನ ಜೊತೆ ಚೌಕಾಸಿ ಮಾಡಲೂ ಮನಸ್ಸಾಗಲಿಲ್ಲ; ಅಷ್ಟು ಕುಸಿದಿದ್ದೆ.

ಸುಮಂಗಲಾ ಗಂಟು ಬಿಚ್ಚಿದಳು. ಕಡಕ್ ರೊಟ್ಟಿ, ಶೇಂಗಾ ಹಿಂಡಿಯ ಖಾರದ ಚಟ್ನಿಪುಡಿ. ಟಿಕೆಟಿನ ಹೆಂಗಸಿಗೂ ಒಂದು ಕೊಟ್ಟಳು. ಆಕೆ ಕಟುಮ್ಮೆಂದು ಕಡಿದು, ಕೆಮ್ಮಿ, ಕಣ್ಣೊರೆಸಿಕೊಂಡು, ಇನ್ನೊಂದಕ್ಕೆ ಕೈ ಚಾಚಿದಳು. ಬದಲಿಗೆ ಉಪ್ಪು ಖಾರ ಹಚ್ಚಿದ ಮಾವಿನಕಾಯಿ ತಂದಿಟ್ಟಳು. ಒಬ್ಬರ ಮಾತು ಒಬ್ಬರಿಗೆ ತಿಳಿಯದೆ ಮುಗಿದ ಆ ವ್ಯವಹಾರದಲ್ಲಿ ನನಗೆ ಕೆಲಸವೇ ಇರಲಿಲ್ಲ.

ಉಂಡ ಮೇಲೆ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು ಸುಮಂಗಲಾ ಕೆಸರಿಗೇ ಇಳಿದಳು. "ಥೇಟ್ ನಮ್ಮ ಎರಿ ಹೊಲ ಅದ ನೋಡ್ರಿ! ಬರ್ರಿ, ಯಾಕ ಕುಂತೀರಿ?" ಮಳೆಯಾದ ಕರಿಮಣ್ಣಿನ ಹೊಲದಲ್ಲಿ ನಡೆದು ಬೆಳೆದ ಕಾಲು ಅವಳದು. ಸೈಕಲ್ ಕಾಲಿನ ನಾನು ನಾಲ್ಕು ಹೆಜ್ಜೆಗೆ ಮೊಣಕಾಲಿನವರೆಗೆ ಹೂತು, ಒಂದು ಚಪ್ಪಲಿ ಕಳೆದುಕೊಂಡೆ. ಅವಳು ಕೈ ಹಿಡಿದು ಎಳೆಯುತ್ತಾ ನಕ್ಕಳು, ದಂಡೆಯ ಮೇಲೆ ಟಿಕೆಟಿನ ಹೆಂಗಸೂ ನಕ್ಕಳು, ಕೊನೆಗೆ ನಾನೂ.

ಮೂರು ಗಂಟೆಯ ಸುಮಾರಿಗೆ ದೂರದಲ್ಲೊಂದು ಬೆಳ್ಳನೆಯ ಗೆರೆ ಕಂಡಿತು. ಅದು ಹರಿದು, ತಡೆದು, ಮತ್ತೆ ಹರಿದು ಬಂದು ಸುಮಂಗಲಾಳ ಪಾದ ಮುಟ್ಟಿತು. "ಬಂತ್ರೀ," ಎಂದಳು, ಅಷ್ಟೇ. ಮನೆಗೆ ಬಂದವರಿಗೆ ನಾವು ಕಾಲಿಗೆ ನೀರು ಕೊಡುತ್ತೇವಲ್ಲ, ಹಾಗೆ ಕಡಲು ತಾನೇ ನಡೆದು ಬಂದು ಅವಳ ಕಾಲಿಗೆ ನೀರು ಕೊಟ್ಟಿತು. ನಾಲ್ಕಕ್ಕೆ ದೋಣಿಯವನು ಕರೆದರೆ ಅವಳು ನೀರಂಚು ಬಿಟ್ಟು ಅಲುಗಲಿಲ್ಲ; ದೋಣಿ ನಮ್ಮನ್ನು ಬಿಟ್ಟೇ ಹೋಯಿತು. ನಾನು ದುಡ್ಡು ತಿರುಗಿ ಕೇಳಲಿಲ್ಲ. ಇದನ್ನು ನಮ್ಮ ಪೇಟೆಯಲ್ಲಿ ಯಾರೂ ನಂಬುವುದಿಲ್ಲ.

ಆದ್ದರಿಂದ ನೀವು ಹೋಗುವುದಾದರೆ, ಬೆಲೆ ಕೇಳುವ ಮೊದಲು ನೀರಿನ ಹೊತ್ತು ಕೇಳಿ. ಬಕ್ಕಲಿನ ಚಪ್ಪಲಿ ಹಾಕಿಕೊಳ್ಳಿ. ರೊಟ್ಟಿ ಎರಡು ಡಜನ್ ಒಯ್ಯಿರಿ, ಒಂದು ಡಜನ್ ಕೊಡುವುದಕ್ಕೆ. ಮುಂದಿಟ್ಟ ಹಾಳೆಯನ್ನು ಖಂಡಿತ ಓದಿ. ಆದರೆ ಯಾರನ್ನಾದರೂ ಬಹಳ ವರ್ಷ ಕಾಯಿಸಿ ಕರೆದೊಯ್ಯುತ್ತಿದ್ದರೆ, ಎಲ್ಲ ಓದಿಕೊಂಡು, ಗೊತ್ತಿದ್ದೂ, ನೀರಿಲ್ಲದ ಹತ್ತು ಗಂಟೆಗೇ ಹೋಗಿ. ಕಾಯುವುದು ಎಂದರೇನೆಂದು ಒಂದು ದಿನವಾದರೂ ಅವರ ಪಕ್ಕದಲ್ಲೇ ಕೂತು ಕಲಿಯಿರಿ.